ಅಕ್ವೇರಿಯಂನಲ್ಲಿ ದಿಢೀರ್ ಮರಿಗಳು: ಮೊದಲ ದಿನದಿಂದ ಏನೇನು ಮಾಡಬೇಕು?

ಮಳೆಗಾಲದ ಒಂದು ಬೆಳಗ್ಗೆ ಮೇಲಿನ ಮನೆಯ ಹುಡುಗಿ ಓಡಿ ಬಂದಳು. ‘ಆಂಟಿ, ನಮ್ಮ ಟ್ಯಾಂಕ್‌ನಲ್ಲಿ ಸೊಳ್ಳೆ ಹುಳ ಆಗಿವೆ. ಅಮ್ಮ ನೀರೆಲ್ಲ ಚೆಲ್ಲಿ ತೊಳೀತೀನಿ ಅಂತಿದ್ದಾರೆ. ಸ್ವಲ್ಪ ಬನ್ನಿ’ ಎಂದಳು. ಅವರ ಟ್ಯಾಂಕ್‌ನಲ್ಲಿ ಇದ್ದದ್ದು ಮೂರು ಗಪ್ಪಿ. ಗಪ್ಪಿಗಳು ಸೊಳ್ಳೆ ಹುಳ ಕಂಡರೆ ಬಿಡುವುದಿಲ್ಲ, ಕಂಡ ಕೂಡಲೇ ನುಂಗುತ್ತವೆ. ಹಾಗಾಗಿ ಮೆಟ್ಟಿಲು ಹತ್ತುವಾಗಲೇ ನನಗೆ ಅನುಮಾನ ಬಂದಿತ್ತು.

ಸೊಳ್ಳೆ ಹುಳ ನೀರಿನ ಮೇಲ್ಮೈಗೆ ತಲೆಕೆಳಗಾಗಿ ನೇತುಬಿದ್ದಿರುತ್ತದೆ. ಅಲುಗಿದರೆ ಕೊಂಕುತ್ತಾ ಕೆಳಗಿಳಿಯುತ್ತದೆ. ಇವು ಹಾಗಿರಲಿಲ್ಲ. ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ, ಗಾಜಿನಂಥ ಮೈ, ಮೈಗೆ ಮೀರಿದ ಎರಡು ಕಣ್ಣು. ಬೆರಳು ತೋರಿಸಿದರೆ ಬಾಣದಂತೆ ಗಿಡದೊಳಗೆ ನುಗ್ಗುತ್ತಿದ್ದವು. ಹದಿನೆಂಟು ಮರಿಗಳನ್ನು ಎಣಿಸಿದೆವು.

‘ಆದ್ರೆ ಆಂಟಿ, ಮೂರೂ ಹೆಣ್ಣೇ. ಗಂಡೇ ಇಲ್ವಲ್ಲ?’ ಎಂದಳು ಹುಡುಗಿ. ಮೀನು ತಂದು ಆಗಲೇ ಎರಡು ತಿಂಗಳಾಗಿತ್ತು.

ಗಂಡಿಲ್ಲದೆ ಮರಿ ಹೇಗೆ?

ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್. ಈ ನಾಲ್ಕೂ ಮೊಟ್ಟೆ ಇಡುವ ಮೀನುಗಳಲ್ಲ, ನೇರ ಮರಿ ಹಾಕುತ್ತವೆ. ಅಂಗಡಿಯಲ್ಲಿ ಗಂಡು ಹೆಣ್ಣು ಒಂದೇ ಟ್ಯಾಂಕ್‌ನಲ್ಲಿ ಇರುವುದೇ ಜಾಸ್ತಿ. ಅಲ್ಲಿಂದ ತಂದ ಬಲಿತ ಹೆಣ್ಣು ಬಹುತೇಕ ಕೂಡಿಯೇ ಇರುತ್ತದೆ. ಅದು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಮೈಯೊಳಗೆ ಕಾಪಾಡಿಕೊಳ್ಳಬಲ್ಲದು. ಒಮ್ಮೆ ಕೂಡಿದರೆ ಸಾಕು, ಒಂದಾದ ಮೇಲೊಂದು ಹಲವು ಸಲ ಮರಿ ಹಾಕುತ್ತದೆ. ಗಬ್ಬದ ಅವಧಿ ಸುಮಾರು ನಾಲ್ಕು ವಾರ. ನೀರು ಬೆಚ್ಚಗಿದ್ದರೆ ಸ್ವಲ್ಪ ಬೇಗ, ತಣ್ಣಗಿದ್ದರೆ ತಡ. ಅಂದರೆ ಆ ಮೂರು ಹೆಣ್ಣುಗಳು ಅದಕ್ಕೂ ಮುಂಚೆ ಒಂದು ಸಲ ಮರಿ ಹಾಕಿರಬಹುದು. ಆ ಮರಿಗಳು ಯಾರ ಕಣ್ಣಿಗೂ ಬೀಳುವ ಮೊದಲೇ ದೊಡ್ಡ ಮೀನುಗಳ ಹೊಟ್ಟೆ ಸೇರಿರಬಹುದು.

ಗಪ್ಪಿ ಎಂಬ ಹೆಸರು ಬಂದದ್ದು ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಎಂಬವರಿಂದ. ಅವರು 1866ರಲ್ಲಿ ಟ್ರಿನಿಡಾಡ್ ದ್ವೀಪದಿಂದ ಈ ಮೀನುಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದ್ದರು. ಟ್ರಿನಿಡಾಡ್‌ನ ತೊರೆಗಳಲ್ಲಿ ಗಪ್ಪಿಯನ್ನು ತಿನ್ನುವ ದೊಡ್ಡ ಮೀನುಗಳಿವೆ. ಶತ್ರುಗಳು ಜಾಸ್ತಿ ಇರುವ ತೊರೆಯ ಗಪ್ಪಿಗಳು ಬೇಗ ಬಲಿಯುತ್ತವೆ, ಮರಿಗಳನ್ನೂ ಜಾಸ್ತಿ ಹಾಕುತ್ತವೆ. ನಮ್ಮ ಹಾಲ್‌ನಲ್ಲಿರುವ ಗಾಜಿನ ಪೆಟ್ಟಿಗೆಯಲ್ಲಿ ಶತ್ರುಗಳೇ ಇಲ್ಲ, ಹೊತ್ತು ಹೊತ್ತಿಗೆ ಊಟ ಬೇರೆ. ಸಂಖ್ಯೆ ಏರದೆ ಇನ್ನೇನಾಗುತ್ತದೆ?

ಮೊದಲ ಗಂಟೆ: ಟ್ಯಾಂಕ್ ತೊಳೆಯಬೇಡಿ

ಮರಿ ಕಂಡ ತಕ್ಷಣ ಟ್ಯಾಂಕ್ ಖಾಲಿ ಮಾಡಬೇಡಿ, ಫಿಲ್ಟರ್ ತೊಳೆಯಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದನ್ನು ಮುರಿಯುವ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ಆಮೇಲೆ ಮರಿಯೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ.

ಮೊದಲು ಫಿಲ್ಟರ್‌ನ ಬಾಯಿ ನೋಡಿ. ಮೋಟಾರ್ ಇರುವ ಫಿಲ್ಟರ್ ಆದರೆ ಮರಿಗಳನ್ನು ಒಳಗೆಳೆದುಕೊಳ್ಳುತ್ತದೆ. ನೀರು ಎಳೆಯುವ ಕಡೆ ತೆಳು ಸ್ಪಂಜಿನ ತುಂಡನ್ನೋ ಹಳೆಯ ನೈಲಾನ್ ಕಾಲುಚೀಲವನ್ನೋ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಏರ್ ಪಂಪ್‌ನಿಂದ ನಡೆಯುವ ಸ್ಪಂಜ್ ಫಿಲ್ಟರ್ ಇದ್ದರೆ ಈ ಚಿಂತೆ ಇಲ್ಲ.

ಎರಡನೆಯದು, ದೊಡ್ಡ ಮೀನುಗಳಿಗೆ ತಕ್ಷಣ ಸ್ವಲ್ಪ ಆಹಾರ ಹಾಕಿ. ಗಪ್ಪಿ ತನ್ನ ಮರಿಯನ್ನೇ ತಿನ್ನುತ್ತದೆ. ಅದಕ್ಕೆ ಬೇಸರಪಡಬೇಡಿ. ಅದರ ಕಣ್ಣಿಗೆ ಅಲುಗಾಡುವ ಸಣ್ಣದೆಲ್ಲ ಊಟವೇ. ಹೊಟ್ಟೆ ತುಂಬಿದ್ದರೆ ಬೆನ್ನಟ್ಟುವುದು ಕಡಿಮೆಯಾಗುತ್ತದೆ, ಅಷ್ಟರಲ್ಲಿ ನಿಮಗೂ ಯೋಚಿಸಲು ಸಮಯ ಸಿಗುತ್ತದೆ.

ಎಷ್ಟು ಮರಿ ಬೇಕು?

ಹೆಚ್ಚಿನವರು ಈ ಪ್ರಶ್ನೆಯನ್ನು ಮೂರು ತಿಂಗಳ ನಂತರ ಕೇಳಿಕೊಳ್ಳುತ್ತಾರೆ. ಮೊದಲ ದಿನವೇ ಕೇಳಿಕೊಳ್ಳಿ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್‌ನಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಅದರಲ್ಲಿ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಬಲಿತ ಗಪ್ಪಿಗಳು ಆರಾಮವಾಗಿ ಇರಬಹುದು. ಒಂದು ಹೆಣ್ಣು ಒಂದು ಸಲಕ್ಕೆ ಮೂವತ್ತು ಮರಿ ಹಾಕಿತು, ಎಲ್ಲವೂ ಉಳಿದವು ಎಂದಿಟ್ಟುಕೊಳ್ಳಿ. ಅರ್ಧ ಹೆಣ್ಣಾದರೆ ಹದಿನೈದು. ಆ ಹದಿನೈದೂ ಬಲಿತು ಮೊದಲ ಸಲ ತಲಾ ಹತ್ತೇ ಮರಿ ಹಾಕಿದರೂ ನೂರೈವತ್ತು. ಅಷ್ಟರಲ್ಲಿ ಅಜ್ಜಿ ಗಪ್ಪಿ ಸುಮ್ನೆ ಕೂತಿರುವುದಿಲ್ಲ, ಎರಡು ಮೂರು ಸಲ ಮರಿ ಹಾಕಿರುತ್ತದೆ.

ಒಂದೇ ಟ್ಯಾಂಕ್ ಇದೆ, ಬೇರೆ ಜಾಗವಿಲ್ಲ ಎನ್ನುವವರು ಮರಿಗಳನ್ನು ಬೇರೆ ಮಾಡಲೇಬೇಡಿ. ಮೂಲೆಯಲ್ಲಿ ಒಂದಿಷ್ಟು ಗಿಡ ಬಿಟ್ಟುಬಿಡಿ. ಚುರುಕಾದ ನಾಲ್ಕೈದು ಮರಿ ತಾವೇ ಉಳಿದುಕೊಳ್ಳುತ್ತವೆ. ಇದು ಕ್ರೂರ ಅನ್ನಿಸಬಹುದು. ಆದರೆ ಇನ್ನೂರು ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡುವುದನ್ನು ನಾನು ನೋಡಿದ್ದೇನೆ. ಅದಕ್ಕಿಂತ ಇದೇ ಮೇಲು.

ಸಾಕುವುದೇ ಆದರೆ: ಮೊದಲ ವಾರ

ಹತ್ತು ಹದಿನೈದು ಲೀಟರ್‌ನ ಪ್ಲಾಸ್ಟಿಕ್ ಟಬ್ ಸಾಕು. ಸೋಪು ಮುಟ್ಟದ ಟಬ್ ಆಗಿರಲಿ. ಅದಕ್ಕೆ ಹೊಸ ನೀರು ಬೇಡ, ಟ್ಯಾಂಕ್‌ನ ನೀರನ್ನೇ ತುಂಬಿ. ಸಣ್ಣ ಸ್ಪಂಜ್ ಫಿಲ್ಟರ್ ಇಡಿ. ಹೊಸ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಹಾಗಾಗಿ ಹಳೆಯ ಫಿಲ್ಟರ್‌ನ ಸ್ಪಂಜನ್ನು ಈ ಟಬ್‌ನಲ್ಲಿ ನಾಲ್ಕು ಸಲ ಹಿಂಡಿ. ನೀರು ಕೊಳೆಯಾದಂತೆ ಕಾಣುತ್ತದೆ, ಹೆದರಬೇಡಿ, ಕೆಲವು ಗಂಟೆಯಲ್ಲಿ ತಿಳಿಯಾಗುತ್ತದೆ. ಏರ್ ಪಂಪ್‌ನ ಗಾಳಿ ಮಂದವಾಗಿರಲಿ, ಜೋರಾದ ಗುಳ್ಳೆಗೆ ಮರಿಗಳು ಸುಸ್ತಾಗುತ್ತವೆ. ಟಬ್‌ನ ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿ.

ಮರಿ ಹಿಡಿಯಲು ಬಲೆಗಿಂತ ಸ್ಟೀಲ್ ಲೋಟ ಅಥವಾ ಸೌಟು ಒಳ್ಳೆಯದು. ಮರಿಗಳು ನೀರಿನ ಮೇಲ್ಭಾಗದಲ್ಲಿ, ಮೂಲೆಗಳಲ್ಲಿ ಸೇರುತ್ತವೆ. ಲೋಟವನ್ನು ನಿಧಾನಕ್ಕೆ ಓರೆ ಮಾಡಿ ಅದ್ದಿದರೆ ನೀರಿನ ಜೊತೆ ತಾವೇ ಒಳಗೆ ಬರುತ್ತವೆ. ಬಲೆಯಲ್ಲಿ ಗಾಳಿಗೆ ಎತ್ತಿದರೆ ಆ ಎಳೆ ಮೈಗೆ ಪೆಟ್ಟು ಬೀಳುತ್ತದೆ.

ಅಂಗಡಿಯಲ್ಲಿ ಬ್ರೀಡಿಂಗ್ ಬಾಕ್ಸ್ ಸಿಗುತ್ತದೆ. ಮರಿ ಹಾಕುವ ಹೊತ್ತಿಗೆ ತಾಯಿಯನ್ನು ಅದರಲ್ಲಿ ಬಿಡಿ ಎನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಅಂಗೈಯಷ್ಟು ಜಾಗದಲ್ಲಿ ತುಂಬು ಗಬ್ಬದ ಮೀನು ಗಾಬರಿಯಾಗುತ್ತದೆ. ಕೆಲವು ಸಲ ಬಲಿಯದ ಮರಿಗಳನ್ನೇ ಹಾಕಿಬಿಡುತ್ತದೆ. ಅದರ ಬದಲು ಒಂದು ಮುಷ್ಟಿ ಜಾವಾ ಮಾಸ್ ಅಥವಾ ಹೈಡ್ರಿಲ್ಲಾ ಗಿಡವನ್ನು ಟ್ಯಾಂಕ್‌ನಲ್ಲಿ ಬಿಡಿ. ಅಡಗಲು ಜಾಗವೂ ಆಯಿತು, ಎಲೆಯ ಮೇಲಿನ ಸೂಕ್ಷ್ಮ ಜೀವಿಗಳಿಂದ ಮೊದಲ ತುತ್ತೂ ಆಯಿತು. ಹೆಣ್ಣಿನ ಹೊಟ್ಟೆ ಚೌಕವಾಗಿ ಕಂಡು, ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ದಟ್ಟವಾದರೆ, ಅದು ಗುಂಪು ಬಿಟ್ಟು ಮೂಲೆ ಸೇರಿದರೆ ದಿನ ಹತ್ತಿರ ಬಂದಿದೆ ಎಂದುಕೊಳ್ಳಿ.

ಗಪ್ಪಿ ಮರಿ ಹುಟ್ಟಿದ ದಿನವೇ ಈಜುತ್ತದೆ, ತಿನ್ನುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಒಂದೇ ಚಿಟಿಕೆ. ಮಾಮೂಲಿ ಫ್ಲೇಕ್ ಆಹಾರವನ್ನೇ ಎರಡು ಬೆರಳ ನಡುವೆ ಹಿಟ್ಟಿನಂತೆ ಉಜ್ಜಿ ಹಾಕಿ. ಬೇಯಿಸಿದ ಮೊಟ್ಟೆಯ ಹಳದಿಯೂ ಆಗುತ್ತದೆ. ಆದರೆ ಸಾಸಿವೆ ಕಾಳಿನಷ್ಟು ಸಾಕು. ಅದನ್ನು ಬಟ್ಟೆಯಲ್ಲಿ ಕಟ್ಟಿ ಲೋಟದ ನೀರಿನಲ್ಲಿ ಹಿಂಡಿ, ಆ ಹಾಲಿನಂಥ ನೀರನ್ನು ಹನಿಹನಿಯಾಗಿ ಹಾಕಿ. ಮೊದಲ ಸಲ ಮರಿ ಸಾಕಿದಾಗ ಅರ್ಧ ಹಳದಿಯನ್ನು ಟಬ್‌ಗೆ ಹಾಕಿದ್ದೆ. ಮರುದಿನ ನೀರು ನಾರುತ್ತಿತ್ತು. ಒಂದು ಮರಿಯೂ ಉಳಿಯಲಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಆರ್ಟೀಮಿಯಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಸೀಗಡಿಯಂಥ ಪುಟ್ಟ ಜೀವಿ. ಅದರ ಮೊಟ್ಟೆಗಳು ಪುಡಿಯ ರೂಪದಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತವೆ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಚಿಟಿಕೆ ಮೊಟ್ಟೆ. ಏರ್ ಪಂಪ್‌ನಿಂದ ಬಿಡದೆ ಗುಳ್ಳೆ ಬರುತ್ತಿರಲಿ, ಮೇಲೊಂದು ದೀಪ ಉರಿಯುತ್ತಿರಲಿ. ಬೆಚ್ಚಗಿದ್ದರೆ ಒಂದು ದಿನದಿಂದ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡುತ್ತವೆ. ಗಾಳಿ ನಿಲ್ಲಿಸಿದರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಕೆಳಗಿನವನ್ನು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಮಕ್ಕಳಿಗೆ ತೋರಿಸಿ, ತುಂಬ ಖುಷಿಪಡುತ್ತಾರೆ.

ನೀರು

ಜಾಸ್ತಿ ಊಟ ಎಂದರೆ ಜಾಸ್ತಿ ಹೊಲಸು. ಏರ್ ಪಂಪ್‌ನ ಸಣ್ಣ ಪೈಪಿನ ತುದಿಗೆ ಬಟ್ಟೆ ಕಟ್ಟಿ, ಎರಡು ದಿನಕ್ಕೊಮ್ಮೆ ತಳದಿಂದ ಕಾಲು ಭಾಗ ನೀರು ತೆಗೆಯಿರಿ. ಅಷ್ಟೇ ನೀರನ್ನು ನಿಧಾನಕ್ಕೆ ತುಂಬಿ. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಇಟ್ಟು ಬಳಸಿ, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್‌ನ ಗಡಸು ನೀರು ಬೇರೆ ಎಷ್ಟೋ ಮೀನುಗಳಿಗೆ ಆಗುವುದಿಲ್ಲ. ಗಪ್ಪಿ, ಮಾಲಿಗಳಿಗೆ ಅದೇ ಹಿತ. ಶುದ್ಧವಾಗಿದೆ ಎಂದು ಆರ್‌ಒ ನೀರನ್ನೇ ತುಂಬಬೇಡಿ, ಅದರಲ್ಲಿ ಇವುಗಳಿಗೆ ಬೇಕಾದ ಖನಿಜಗಳು ಇರುವುದಿಲ್ಲ. ಬಿಸಿ 24ರಿಂದ 27 ಡಿಗ್ರಿ ಇದ್ದರೆ ಚೆನ್ನ. ಡಿಸೆಂಬರ್, ಜನವರಿಯಲ್ಲಿ ಸಣ್ಣ ಹೀಟರ್ ಬೇಕಾಗಬಹುದು.

ನಾಲ್ಕನೇ ವಾರ: ಗಂಡು ಬೇರೆ, ಹೆಣ್ಣು ಬೇರೆ

ಇದೊಂದನ್ನು ಮರೆತರೆ ಇಷ್ಟೂ ಹೊತ್ತು ಮಾಡಿದ್ದು ದಂಡ. ಮರಿಗಳಲ್ಲಿ ಅಣ್ಣ ತಂಗಿ ಎಂಬುದಿಲ್ಲ. ಎರಡು ತಿಂಗಳು ತುಂಬುವುದರೊಳಗೇ ಹೆಣ್ಣು ಗಬ್ಬವಾಗಬಹುದು.

ಒಂದೊಂದೇ ಮರಿಯನ್ನು ಗಾಜಿನ ಲೋಟಕ್ಕೆ ಬಿಟ್ಟು, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಹೊಟ್ಟೆ ಮುಗಿಯುವ ಕಡೆ, ಬಾಲಕ್ಕೆ ಮುಂಚೆ, ಕೆಳಗೊಂದು ರೆಕ್ಕೆ ಇರುತ್ತದೆ. ಅದು ಬೀಸಣಿಗೆಯಂತೆ ಅಗಲವಾಗಿದ್ದರೆ ಹೆಣ್ಣು, ಕಡ್ಡಿಯಂತೆ ಸಣ್ಣಗಾಗಿ ಹಿಂದಕ್ಕೆ ಮಡಿಚಿದ್ದರೆ ಗಂಡು. ಹೆಣ್ಣಿಗೆ ಆ ಜಾಗದಲ್ಲಿ ಕಪ್ಪು ಮಚ್ಚೆಯೂ ಮೂಡುತ್ತದೆ. ಬಣ್ಣ ಬರಲಿ ಎಂದು ಕಾಯಬೇಡಿ. ಅನುಮಾನ ಇರುವ ಮರಿಯನ್ನು ಗಂಡುಗಳ ಕಡೆ ಬಿಟ್ಟು, ವಾರದ ನಂತರ ಮತ್ತೆ ನೋಡಿ. ಹೆಣ್ಣುಗಳ ಕಡೆ ಒಂದೇ ಒಂದು ಗಂಡು ಸೇರಿಕೊಂಡರೂ ಎಲ್ಲ ಹೆಣ್ಣುಗಳೂ ಗಬ್ಬವಾಗುತ್ತವೆ.

ಗಾಜಿನ ಮೇಲೆ ಮೊಟ್ಟೆ ಕಂಡರೆ

ಲೋಳೆಯ ಮುದ್ದೆಯೊಳಗೆ ಚುಕ್ಕಿಗಳಿದ್ದರೆ ಅದು ಗಿಡದ ಜೊತೆ ಬಂದ ಬಸವನ ಹುಳುವಿನ ಮೊಟ್ಟೆ. ಫಿಲ್ಟರ್ ಪೈಪ್ ಅಥವಾ ಅಗಲ ಎಲೆಯ ಮೇಲೆ ಸಾಲಾಗಿ ಅಂಟಿಸಿದ ಮೊಟ್ಟೆಗಳು ಏಂಜಲ್ ಮೀನಿನವು ಇರಬಹುದು. ಜೋಡಿ ಅದರ ಮುಂದೆಯೇ ನಿಂತು ಉಳಿದ ಮೀನುಗಳನ್ನು ಓಡಿಸುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಗಳು ಈಜಲು ಶುರುಮಾಡುವವರೆಗೆ, ಅಂದರೆ ಇನ್ನೂ ನಾಲ್ಕೈದು ದಿನ, ಆಹಾರ ಹಾಕಬಾರದು. ಬೆಳ್ಳಗಾದ ಮೊಟ್ಟೆ ಸತ್ತದ್ದು.

ಹೆಚ್ಚಾದವನ್ನು ಏನು ಮಾಡುವುದು?

ಕೆರೆಗೆ, ಹೊಳೆಗೆ, ರಾಜಕಾಲುವೆಗೆ ಬಿಡಬೇಡಿ. ದಯವಿಟ್ಟು ಬಿಡಬೇಡಿ. ‘ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡ್ತಾರಲ್ವಾ?’ ಎಂದು ಕೇಳುವವರಿದ್ದಾರೆ. ಸೊಳ್ಳೆ ಹುಳ ತಿನ್ನಲಿ ಎಂದು ನಿಂತ ನೀರಿಗೆ ಗಪ್ಪಿ, ಗಂಬೂಸಿಯಾ ಎಂಬ ಸಣ್ಣ ಮೀನು ಬಿಡುವುದು ನಿಜ. ಅದು ಅವರು ಜಾಗ ನೋಡಿ ಮಾಡುವ ಕೆಲಸ. ಹರಿಯುವ ನೀರಿಗೆ ಸೇರಿದ ಗಪ್ಪಿಗೆ ಸೊಳ್ಳೆ ಹುಳ ಮಾತ್ರ ಆಹಾರವಲ್ಲ. ನಮ್ಮ ಹಳ್ಳಕೊಳ್ಳದ ಸಣ್ಣ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಒಂದು ಹೆಣ್ಣು ಸಾಕು, ಅಲ್ಲೊಂದು ಸಂಸಾರವೇ ಶುರುವಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಅಕ್ವೇರಿಯಂ ಅಂಗಡಿಯವರನ್ನು ಕೇಳಿ, ಮೀನು ತೆಗೆದುಕೊಂಡು ಆಹಾರದ ಡಬ್ಬಿ ಕೊಡುವವರಿದ್ದಾರೆ. ಮನೆಯಂಗಳದಲ್ಲಿ ತಾವರೆ ಬೆಳೆಸುವ ಸಿಮೆಂಟ್ ತೊಟ್ಟಿ ಇರುವವರಿಗೆ ಕೊಡಿ. ಆ ನೀರು ಮೋರಿಗೆ, ಕಾಲುವೆಗೆ ಹರಿದು ಹೋಗದಂತಿದ್ದರೆ ಸರಿ.

ಮೇಲಿನ ಮನೆಯ ಹದಿನೆಂಟರಲ್ಲಿ ಹದಿನಾಲ್ಕು ಮರಿ ದೊಡ್ಡವಾದವು. ಹುಡುಗಿ ಎಂಟು ಗಂಡುಗಳನ್ನು ಟ್ಯಾಂಕ್‌ನಲ್ಲಿ ಉಳಿಸಿಕೊಂಡು, ಹಳೆಯ ಮೂರು ಹೆಣ್ಣುಗಳನ್ನೂ ಆರು ಹೊಸ ಹೆಣ್ಣುಗಳನ್ನೂ ಬೇರೆ ಬೇರೆ ಕವರ್‌ನಲ್ಲಿ ಕಟ್ಟಿ ಗೆಳತಿಯರಿಗೆ ಕೊಟ್ಟಳು. ಹಳೆಯ ಹೆಣ್ಣುಗಳ ಕವರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಳು: ‘ಮರಿ ಹಾಕುತ್ತವೆ. ಟಬ್ ರೆಡಿ ಇಟ್ಕೋ.’