ಐದನೆಯವನಾಗಬೇಡಿ

ಹೋಳಿ ಮುಗಿದ ಮರುದಿನ, ಗಣಪತಿ ಕಳಿಸಿದ ಮರುದಿನ, ಜಾತ್ರೆಯ ತೇರು ಎಳೆದ ಮರುದಿನ ನಮ್ಮ ವಕೀಲರ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಹೆಚ್ಚಿರುತ್ತವೆ. ಗದಗ ಕೋರ್ಟಿನಲ್ಲಿ ಗುಮಾಸ್ತನಾಗಿ ನನಗೆ ಮೂವತ್ತೊಂದು ವರ್ಷ ಆಯಿತು. ಬಂದವರು ಆಡುವ ಮೊದಲ ಮಾತು ಇವತ್ತಿಗೂ ಬದಲಾಗಿಲ್ಲ: "ನಮ್ಮ ಹುಡುಗ ಕೈ ಎತ್ತೇ ಇಲ್ರಿ. ಸುಮ್ನ ನಿಂತಿದ್ದ. ಹೆಸರು ಹೆಂಗ ಬಂತು?"

ಹೋದ ವರ್ಷ ಅದೇ ಮಾತನ್ನು ನನ್ನ ಅಕ್ಕ ಆಡಿದಳು. ಬೆಟಗೇರಿಯ ಓಣಿಯೊಂದರಲ್ಲಿ ಬಣ್ಣದ ದಿನ ಗಲಾಟೆಯಾಗಿತ್ತು. ಎಫ್‌ಐಆರ್‌ನಲ್ಲಿ ಹನ್ನೊಂದು ಹೆಸರು, ಕೊನೆಗೆ 'ಮತ್ತು ಇತರರು'. ಏಳನೇ ಆರೋಪಿ ನನ್ನ ಅಳಿಯ, ಅಂದರೆ ಅಕ್ಕನ ಮಗ. ಧಾರವಾಡದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗ, ಹಲಗಿ ಬಾರಿಸಲು ಊರಿಗೆ ಬಂದಿದ್ದ. ಆ ಒಂದು ಕೇಸನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ. ನಾನು ವಕೀಲನಲ್ಲ. ಕಡತ ಹೊತ್ತವನು ಅಷ್ಟೇ. ನಿಮ್ಮ ಕೇಸಿಗೆ ನಿಮ್ಮ ವಕೀಲರ ಮಾತೇ ಮಾತು.

ಮೊದಲು ಎಣಿಕೆ ಕಲಿಯಿರಿ. ಇಬ್ಬರು ರಸ್ತೆಯಲ್ಲಿ ಬಡಿದಾಡಿ ಶಾಂತಿ ಕೆಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 194ನೇ ಕಲಂ: ಹೆಚ್ಚೆಂದರೆ ಒಂದು ತಿಂಗಳು ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಜಾಗದಲ್ಲಿ ಐದು ಜನ ಒಂದು ಕೆಟ್ಟ ಉದ್ದೇಶಕ್ಕೆ ಕೂಡಿದರೆ 189, ಅಕ್ರಮ ಕೂಟ, ಆರು ತಿಂಗಳವರೆಗೆ. ಆ ಕೂಟದಲ್ಲಿ ಒಬ್ಬ ಕೈ ಮಾಡಿದರೂ ಅದು 191, ದೊಂಬಿ, ಎರಡು ವರ್ಷದವರೆಗೆ. ಕೈಯಲ್ಲಿ ಮಾರಕಾಸ್ತ್ರ ಇದ್ದರೆ ಐದು ವರ್ಷದವರೆಗೆ. ಇಷ್ಟೆಲ್ಲದರ ಮೇಲೆ 190 ಕೂತಿರುತ್ತದೆ: ಕೂಟದ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದಕ್ಕೆ ಕೂಟದಲ್ಲಿದ್ದ ಎಲ್ಲರೂ ಹೊಣೆ. ನಾಲ್ಕು ಜನರ ಜಗಳ ನೋಡಲು ಹೋಗಿ 'ಬಿಡಬ್ಯಾಡ್ರಲೇ' ಎಂದು ಕೂಗಿದವನು ಐದನೆಯವನಾಗುತ್ತಾನೆ. ಅವನೊಬ್ಬನಿಂದ ಉಳಿದ ನಾಲ್ವರ ಕಲಮೂ ಬದಲಾಗುತ್ತದೆ.

ಈ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲಿನ ಘಟನೆಯಾದರೆ ಹಳೆಯ ಐಪಿಸಿಯ ನಂಬರುಗಳೇ ನಡೆಯುತ್ತವೆ. 143, 147, 148, 323, 504, 506 ಸಹ ಕಲಂ 149: ಇದು ನಮ್ಮಂಥವರಿಗೆ ಮಗ್ಗಿಯಿದ್ದಂತೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಹೊಸ ಮಗ್ಗಿ 189(2), 191(2), 191(3), 115(2), 352, 351(2) ಸಹ 190. ಯಾವ ಕಾನೂನು ಎಂಬುದನ್ನು ನಿರ್ಧರಿಸುವುದು ಘಟನೆ ನಡೆದ ತಾರೀಖು. ಕೇಸು ಕೋರ್ಟಿಗೆ ಬಂದ ತಾರೀಖಲ್ಲ.

ನಮ್ಮ ಹುಡುಗನ ಓಣಿಯಲ್ಲಿ ಆದದ್ದು ಹೀಗೆ. ಯಾರದೋ ಬಿಳಿ ಅಂಗಿಗೆ ಬಣ್ಣ ಬಿತ್ತು. ಆತ ಹೊಸ ಅಂಗಿ ಅಂದ, ಇವರು ಹೋಳಿ ಅಂದರು. ಇಬ್ಬರಿಂದ ನಾಲ್ವರಾದರು, ನಾಲ್ವರಿಂದ ಹನ್ನೆರಡು. ಅಳಿಯ ಹಲಗಿ ಹಾಕಿಕೊಂಡು ಹಿಂದೆ ನಿಂತಿದ್ದ. ಹಬ್ಬಕ್ಕೆ ಕೂಡಿದ ಗುಂಪು ಅಕ್ರಮ ಹೇಗಾಗುತ್ತದೆ ಎಂದು ಅಕ್ಕ ಕೇಳಿದಳು. ಅದಕ್ಕೂ ಕಲಮಿನಲ್ಲೇ ಉತ್ತರವಿದೆ: ಕೂಡುವಾಗ ಸರಿಯಿದ್ದ ಕೂಟ ಆಮೇಲೆ ಅಕ್ರಮ ಕೂಟ ಆಗಬಹುದು ಎಂದು 189ರ ವಿವರಣೆಯೇ ಹೇಳುತ್ತದೆ. ಹಲಗಿ ಬಾರಿಸಲು ಬಂದದ್ದು ಸರಿ. ಏಟು ಬಿದ್ದ ಮೇಲೂ ಯಾಕೆ ನಿಂತೆ ಎಂಬುದೇ ಪ್ರಶ್ನೆ.

ಬರೀ ನೋಡುತ್ತ ನಿಂತವನು ಕೂಟದ ಸದಸ್ಯನಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ, ನಿಜ. ಆದರೆ ಆ ಮಾತು ಕೆಲಸಕ್ಕೆ ಬರುವುದು ವಿಚಾರಣೆಯಲ್ಲಿ, ಸಾಕ್ಷಿದಾರರ ಪಾಟೀ ಸವಾಲು ಆದಮೇಲೆ. ಅಲ್ಲಿಯವರೆಗೆ ತಾರೀಖು, ಬಸ್ ಚಾರ್ಜು, ಕೂಲಿ ತಪ್ಪಿಸಿಕೊಂಡ ದಿನಗಳು. ಅದಕ್ಕೇ ಜಗಳದ ಜಾಗದಲ್ಲಿ ಮಾಡಬೇಕಾದ ಕೆಲಸ ಒಂದೇ: ಅಲ್ಲಿಂದ ಕಾಲ್ತೆಗೆಯುವುದು. ಗೆಳೆಯನನ್ನು ಬಿಡಿಸಿಕೊಳ್ಳಲೇಬೇಕು ಅನಿಸಿದರೆ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಎದುರಿನವನ ಅಂಗಿಗೆ ಕೈ ಹಾಕಬೇಡಿ. ಪೊಲೀಸರು 'ಚದುರ್ರಿ' ಅಂದ ಮೇಲೆ ಒಂದು ನಿಮಿಷವೂ ನಿಲ್ಲಬೇಡಿ. ಚದುರಲು ಹೇಳಿದ ಮೇಲೂ ಅಕ್ರಮ ಕೂಟದಲ್ಲಿ ಉಳಿದರೆ ಆರು ತಿಂಗಳಿನದು ಎರಡು ವರ್ಷಕ್ಕೆ ಏರುತ್ತದೆ. ನಮ್ಮ ಹುಡುಗ ನಿಂತ. ಯಾಕೋ ಎಂದು ಕೇಳಿದರೆ, "ಮಾಮಾ, ಓಡಿದ್ರ ಅಂಜುಬುರುಕ ಅಂತಿದ್ರು" ಅಂದ.

ಇನ್ನು ದೂರಿನ ಭಾಷೆ. ಎದುರು ಪಾರ್ಟಿಯವರ ದೂರನ್ನು ಓದುತ್ತಿದ್ದಂತೆ ನನಗೆ ಹಳೆಯ ನೆಂಟರನ್ನು ಕಂಡಂತಾಯಿತು: '...ಆರೋಪಿತರೆಲ್ಲರೂ ಅಕ್ರಮ ಗುಂಪು ಕಟ್ಟಿಕೊಂಡು, ಕೈಯಲ್ಲಿ ಬಡಿಗೆ ಹಿಡಿದುಕೊಂಡು ಬಂದು, ಅವಾಚ್ಯ ಬೈದಾಡಿ, ಹೊಡಿ ಬಡಿ ಮಾಡಿ, ಜೀವದ ಧಮಕಿ ಹಾಕಿದ್ದು ಇರುತ್ತದೆ.' ಇದರಲ್ಲಿ ಒಂದೊಂದು ತುಂಡೂ ಒಂದೊಂದು ಕಲಂ. ಗುಂಪು ಅಂದರೆ 189, ಬಡಿಗೆ ಅಂದರೆ 191(3), ಬೈದಾಡಿ ಅಂದರೆ 352, ಹೊಡಿ ಬಡಿ ಅಂದರೆ 115(2), ಧಮಕಿ ಅಂದರೆ 351. ಆ ಬಡಿಗೆ ಯಾವುದು ಅಂತೀರಿ? ಹಲಗಿ ಬಾರಿಸುವ ಕೋಲು! ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಪಂಚನಾಮೆಯಲ್ಲಿ ಅದು 'ಒಂದು ಕಟ್ಟಿಗೆಯ ಬಡಿಗೆ' ಆಗಿ, ಜಪ್ತಿ ವಸ್ತುವಿಗೆ ಹಾಕುವ ಪಿ.ಎಫ್. ನಂಬರ್ ಬಿದ್ದು, ಚೀಟಿ ಕಟ್ಟಿಸಿಕೊಂಡು ಮುದ್ದೆಮಾಲು, ಅಂದರೆ ಕೇಸಿನ ಜಪ್ತಿ ಮಾಲು ಆಯಿತು. ಠಾಣೆಯ ಹೆಸರು ಹೇಳುವುದು ಬೇಡ. ಯಾವ ಠಾಣೆಯಲ್ಲಾದರೂ ಬರವಣಿಗೆ ಹೀಗೇ ಇರುತ್ತದೆ.

ಆದ್ದರಿಂದ ನೀವೇ ದೂರು ಕೊಡುವವರಾದರೂ, ದೂರು ಬಿದ್ದವರಾದರೂ, ಕಾಗದವನ್ನು ತುಂಡು ತುಂಡಾಗಿ ಓದಿ. ದೂರು ಕೊಡುವವರು ಕಂಡದ್ದನ್ನು ಮಾತ್ರ ಬರೆಸಿ. ಯಾರು, ಯಾವ ಕೈಯಲ್ಲಿ, ಏನು ಹಿಡಿದಿದ್ದರು, ಎಲ್ಲಿ ಹೊಡೆದರು, ಬಿಡಿಸಲು ಯಾರು ಬಂದರು. ಸಿಟ್ಟಿಗೆ ಹನ್ನೊಂದು ಹೆಸರು ಹಾಕಿಸಿದರೆ ನಾಳೆ ಸಾಕ್ಷಿ ಹೇಳುವಾಗ ಹನ್ನೊಂದು ಜನ ಏನೇನು ಮಾಡಿದರೆಂದು ನೀವೇ ಹೇಳಬೇಕು, ಅಲ್ಲೇ ಕೇಸು ಸಡಿಲಾಗುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು, ಇಸಿದುಕೊಂಡೇ ಏಳಿ.

ರಾತ್ರಿ ಮನೆಗೆ ಪೊಲೀಸರು ಬಂದರೆ? ಮೊದಲಿಗೆ, ಹುಡುಗನನ್ನು ನೆಂಟರ ಊರಿಗೆ ಕಳಿಸಬೇಡಿ. ಇದನ್ನು ಎಲ್ಲರೂ ಮಾಡುತ್ತಾರೆ, ಎಲ್ಲರಿಗೂ ಕೆಟ್ಟದ್ದಾಗುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಬಂಧಿಸಲೇಬೇಕೆಂಬ ನಿಯಮವಿಲ್ಲ. ಬಂಧಿಸುವುದಾದರೆ ಯಾಕೆಂದು ಪೊಲೀಸರು ಬರೆದಿಡಬೇಕು. ಇಲ್ಲವಾದರೆ ಹಾಜರಾಗು ಎಂದು ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 35(3)ರ ನೋಟಿಸು ಕೊಡುತ್ತಾರೆ. ನೋಟಿಸಿನ ಪ್ರಕಾರ ಹಾಜರಾಗುತ್ತಿರುವವನನ್ನು ಸುಮ್ಮನೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡು ತಿರುಗುವವನಿಗೆ ಆ ಅನುಕೂಲ ಹೋಯಿತು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಂತ ವಾಟ್ಸಾಪಿನಲ್ಲಿ ಬಂತೆಂದು ಅಲಕ್ಷ್ಯ ಮಾಡಬೇಡಿ, ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗಿ ಕಾಗದದಲ್ಲೇ ಇಸಿದುಕೊಳ್ಳಿ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೊಡೆತ ಬಿದ್ದಿದ್ದರೆ ಡಾಕ್ಟರ ಮುಂದೆಯೂ, ಮ್ಯಾಜಿಸ್ಟ್ರೇಟರ ಮುಂದೆಯೂ ಬಾಯಿ ಬಿಟ್ಟು ಹೇಳಬೇಕು. ಅಲ್ಲಿ ತಲೆ ತಗ್ಗಿಸಿ ನಿಂತು ಆಮೇಲೆ ನಮ್ಮ ಆಫೀಸಿನಲ್ಲಿ ಅಂಗಿ ಎತ್ತಿ ತೋರಿಸಿದರೆ ಏನು ಮಾಡೋಣ? ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಫೋನ್ 15100. ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಹುಡುಗನಿಗೆ 18 ತುಂಬಿಲ್ಲದಿದ್ದರೆ ಲಾಕಪ್ಪಿಗೆ ಹಾಕುವಂತಿಲ್ಲ. ಶಾಲೆಯ ದಾಖಲಾತಿ ಹಿಡಿದುಕೊಂಡು ಕೂಡಲೇ ಓಡಿ, ಅವನ ಕೇಸು ಬಾಲ ನ್ಯಾಯ ಮಂಡಳಿಯ ಮುಂದೆ.

ಅಕ್ರಮ ಕೂಟ, ದೊಂಬಿ, ಬಡಿಗೆ ಹಿಡಿದ ದೊಂಬಿ, ಈ ಮೂರೂ ಜಾಮೀನು ಸಿಗುವಂಥವೇ. ಜಾಮೀನು ಕೇಳುವುದು ಹಕ್ಕು, ಉಪಕಾರವಲ್ಲ. ಹೊಲದ ಉತಾರವೋ ಮನೆಯ ತೆರಿಗೆ ಪಾವತಿಯೋ ಇರುವ ಒಬ್ಬ ಜಾಮೀನುದಾರನನ್ನು, ಅವನ ಆಧಾರ್ ಸಮೇತ, ಹಗಲಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ. ಜಾಮೀನುದಾರ ಸಿಗದೆ ಬಂಧಿಸಿದ ದಿನದಿಂದ ಒಂದು ವಾರ ಕಳೆದರೆ, ಅವನು ಬಡವನೆಂದು ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನಿದೆ. ತಲೆಗೆ ಏಟು ಬಿದ್ದು ಕೊಲೆ ಯತ್ನದ 109 ಸೇರಿತೋ, ಕೋಮು ದ್ವೇಷದ 196 ಸೇರಿತೋ, ಲೆಕ್ಕವೇ ಬೇರೆ. ಆಗ ಜಾಮೀನು ಕೋರ್ಟಿನ ವಿವೇಚನೆ.

ಸಾಕ್ಷ್ಯದ ವಿಷಯದಲ್ಲಿ ನಾವೇ ಎಡವಿದೆವು. ಜಗಳದ 40 ಸೆಕೆಂಡಿನ ವಿಡಿಯೊ ಒಂದಿತ್ತು. 22ನೇ ಸೆಕೆಂಡಿಗೆ ಮೊದಲ ಏಟು. ಅದೇ ಕ್ಷಣಕ್ಕೆ ಹಲಗಿಯ ಸಪ್ಪಳ ನಿಲ್ಲುತ್ತದೆ. ನಮ್ಮ ವಕೀಲರು ಕಣ್ಣು ಮುಚ್ಚಿ, ಕಿವಿಯಿಂದ ಮೂರು ಸಲ ಕೇಳಿದರು. ಏಟಿಗೆ ತಾಳ ಹಾಕಿದವನಲ್ಲ, ಏಟು ಕಂಡು ಕೈ ನಿಲ್ಲಿಸಿದವನು ಎನ್ನಲು ಇದಕ್ಕಿಂತ ಏನು ಬೇಕು? ಆದರೆ ವಿಡಿಯೊ ಹಿಡಿದ ಗೆಳೆಯ ಅಷ್ಟರಲ್ಲಿ ಆ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದಿದ್ದ. ಈಗ ನಮ್ಮ ಕೈಯಲ್ಲಿ ಇರುವುದು ವಾಟ್ಸಾಪಿನಲ್ಲಿ ಬಂದ ಪ್ರತಿ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಹಾಜರು ಮಾಡಬಹುದು, ಆದರೆ ಹಿಡಿದ ಫೋನೇ ಇದ್ದಿದ್ದರೆ ಇರುತ್ತಿದ್ದ ಬಲ ಅದಕ್ಕಿಲ್ಲ. ಹಾಗಾಗಿ ಮೊದಲ ದಿನವೇ ವಿಡಿಯೊ ಹಿಡಿದವರನ್ನು ಹುಡುಕಿ, ಫೋನು ಮಾರಬೇಡಿ, ಅಳಿಸಬೇಡಿ ಎಂದು ಕೈಮುಗಿದು ಕೇಳಿ. ಎದುರಿನ ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ಕೂರುತ್ತ ಹೋಗುತ್ತದೆ. ಅದನ್ನು ಉಳಿಸಿಕೊಡಿ ಎಂದು ಠಾಣೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಮ್ಮ ಕಡೆಯವರಿಗೂ ಏಟು ಬಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ತೋರಿಸಿ ದೂರು ಕೊಡಿ. ಕೇಸಿಗೆ ಕೇಸು ಆದಾಗ ಎರಡನ್ನೂ ಒಬ್ಬರೇ ನ್ಯಾಯಾಧೀಶರು ವಿಚಾರಿಸಬೇಕೆಂಬುದು ಸುಪ್ರೀಂ ಕೋರ್ಟಿನ ಮಾತು. ಸುಳ್ಳು ಗಾಯ ಹುಟ್ಟಿಸಿ ಕೊಡುವವರೂ ಇದ್ದಾರೆ. ಅಂಥವರ ಕಡತ ಮುಟ್ಟಲು ನನಗೆ ಮನಸ್ಸಾಗುವುದಿಲ್ಲ.

ಎಂಟು ದಿನಕ್ಕೆ ಓಣಿಯ ಹಿರಿಯರು ಎರಡೂ ಕಡೆಯವರನ್ನು ಕೂಡಿಸಿ, ಚಹಾ ಕುಡಿಸಿ ರಾಜಿ ಮಾಡಿಸಿದರು. ಅಕ್ಕ ಪೇಢೆ ತಂದಳು, ಕೇಸು ಮುಗಿಯಿತೆಂದು. ಇಲ್ಲೇ ಬಹಳ ಜನ ಮೋಸ ಹೋಗುವುದು. ಹೊಡೆದದ್ದು, ಬೈದದ್ದು, ಧಮಕಿ ಹಾಕಿದ್ದು, ಇವನ್ನು ಏಟು ತಿಂದವರು ರಾಜಿ ಮಾಡಿಕೊಳ್ಳಬಹುದು. ಅಕ್ರಮ ಕೂಟ ಮತ್ತು ದೊಂಬಿ ರಾಜಿಯಾಗುವ ಪಟ್ಟಿಯಲ್ಲಿಲ್ಲ. ಅಲ್ಲಿ ಕೆಟ್ಟದ್ದು ಊರಿನ ಶಾಂತಿ, ಅದಕ್ಕೆ ವಾದಿ ಸರ್ಕಾರ. ಲೋಕ ಅದಾಲತ್ತಿನಲ್ಲೂ ಅದು ಮುಗಿಯುವುದಿಲ್ಲ. ಮುಗಿಸಬೇಕಾದರೆ ಎರಡೂ ಕಡೆಯವರು ಸಹಿ ಹಾಕಿದ ಅರ್ಜಿಯೊಂದಿಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ, ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಕೇಸು ರದ್ದುಮಾಡಿರೆಂದು ಕೇಳಬೇಕು. ಹೈಕೋರ್ಟ್ ಒಪ್ಪಲೂಬಹುದು, ಒಪ್ಪದಿರಲೂಬಹುದು. ಇನ್ನು 'ಸರ್ಕಾರ ಎಲ್ಲಾ ಕೇಸು ವಾಪಸ್ ತಗೋತದಂತ' ಎಂಬ ಮಾತು ಕಟ್ಟೆಯ ಮೇಲೆ ಸದಾ ಇರುತ್ತದೆ. 2022ರ ಏಪ್ರಿಲ್‌ನ ಹಳೇ ಹುಬ್ಬಳ್ಳಿ ಗಲಭೆಯ ಕೇಸು ಸೇರಿ ಹಲವನ್ನು ಹಿಂಪಡೆಯಲು ಸರ್ಕಾರ 2024ರಲ್ಲಿ ಹೊರಡಿಸಿದ ಆದೇಶವನ್ನು 2025ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಮಂತ್ರಿಗಳು ಹೇಳಿದರೆ ಸಾಲದು. ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು.

ಕೇಸಿಲ್ಲದೆಯೂ ಒಂದು ಕಾಗದ ಬರಬಹುದು. ಹಬ್ಬಕ್ಕೆ ಮೊದಲು, 'ಶಾಂತಿ ಕಾಪಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಲು ಹಾಜರಾಗು' ಎಂದು. ಜನ ಇವತ್ತಿಗೂ ಇದನ್ನು 107 ಎನ್ನುತ್ತಾರೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 126. ಗದಗ, ಹಾವೇರಿಯಲ್ಲಿ ತಹಶೀಲ್ದಾರರ ಮುಂದೆ ಬರುತ್ತದೆ, ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರೇಟಿನಲ್ಲೇ. ಇದು ಶಿಕ್ಷೆಯಲ್ಲ, ಒಂದು ವರ್ಷ ಮೀರುವಂತಿಲ್ಲ. ಆದರೆ ಬರೆದುಕೊಟ್ಟ ಮೇಲೆ ಗಲಾಟೆಗೆ ಸಿಕ್ಕರೆ ಬರೆದ ಹಣ ಕಟ್ಟಬೇಕಾಗುತ್ತದೆ. ಹೋಗದೆ ಇರಬೇಡಿ. 144 ಎಂದು ನಾವು ಕರೆಯುವ ನಿಷೇಧಾಜ್ಞೆ ಈಗ ಅದೇ ಸಂಹಿತೆಯ 163. ಅದು ಇದ್ದಾಗ ಎಷ್ಟು ಜನ ಕೂಡಬಾರದೆಂದು ಆದೇಶದಲ್ಲೇ ಬರೆದಿರುತ್ತದೆ, ಓದಿ.

ನೌಕರಿಗೆ ಓದುವ ಹುಡುಗರಿಗೆ ಒಂದು ಮಾತು. ಅರ್ಜಿಯಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ' ಎಂಬ ಕಾಲಂಗೆ ಸುಳ್ಳು ಬರೆಯಬೇಡಿ. ಓಣಿಯ ಜಗಳದ ಕೇಸನ್ನು ಅಧಿಕಾರಿಗಳು ಮನ್ನಿಸಿಯಾರು, ಮುಚ್ಚಿಟ್ಟದ್ದನ್ನು ಮನ್ನಿಸುವುದು ಕಷ್ಟ. ನಮ್ಮವನು 'ಹೌದು' ಎಂದು ಬರೆದು, ಎಫ್‌ಐಆರ್ ನಂಬರ್ ಹಾಕಿ ಕಳಿಸಿದ್ದಾನೆ.

ಮಾರಕಾಸ್ತ್ರದ ಕಲಂ 191(3) ಕೈಬಿಡಬೇಕೆಂದು ನಮ್ಮ ವಕೀಲರು ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಮೊದಲೇ ಆರೋಪ ಬಿಡಿಸುವ ಅರ್ಜಿ ಹಾಕಿದ್ದಾರೆ. ಅದರ ಜೊತೆ ಅಂಥದ್ದೇ ಇನ್ನೊಂದು ಹಲಗಿ ಕೋಲನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಫೋಟೊ ತೆಗೆದು ಲಗತ್ತಿಸಿದೆವು. ಫೋಟೊ ತೆಗೆದವನು ನಾನೇ. ಈ ಸಲದ ಹೋಳಿಗೆ ಅಳಿಯ ಬೇರೆಯವರ ಹಲಗಿ ಇಸಿದುಕೊಂಡು ಮನೆಯ ಮುಂದೆಯೇ ಬಾರಿಸಿದ, ಅಕ್ಕ ಕಟ್ಟೆಯ ಮೇಲೆ ಕೂತು ಸುತ್ತ ನಿಂತವರನ್ನು ಎಣಿಸುತ್ತಿದ್ದಳು. ಅವನ ಕೋಲು ಚೀಟಿ ಕಟ್ಟಿಕೊಂಡು ಮುದ್ದೆಮಾಲು ಕೋಣೆಯಲ್ಲೇ ಇದೆ. ಮುಂದಿನ ತಾರೀಖು ಹದಿನೇಳಕ್ಕೆ.