ಮುದ್ದೆ ಉಳಿಸಿಕೊಂಡೆ, ಬೆಲ್ಲದ ಕಾಫಿ ಬಿಟ್ಟೆ

ನಮ್ಮೂರು ಮಂಡ್ಯದಿಂದ 8 ಕಿಲೋಮೀಟರ್. ಸುತ್ತ ಕಬ್ಬಿನ ಗದ್ದೆ, ಊರಾಚೆ ಚಿಕ್ಕಮಾವನವರ ಆಲೆಮನೆ. ಬೆಳಿಗ್ಗೆ ಎದ್ದರೆ ಬೆಲ್ಲದ ಕಾಫಿ. ಯಾರಾದರೂ ಮನೆಗೆ ಬಂದರೆ ಬೆಲ್ಲದ ಕಾಫಿ, ಅವರ ಜೊತೆ ನನಗೂ ಅರ್ಧ ಲೋಟ. ಸ್ಕೂಲಿನಿಂದ ಬಂದ ಮೇಲೆ ಇನ್ನೊಂದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದಿದ್ದೇನೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ಗರ್ಭ 7ನೇ ವಾರಕ್ಕೆ ಹೋಯಿತು. "ಮೊದಲ್ನೇದು ಹಂಗಾಗದುಂಟು ಕಣವ್ವ" ಅಂತ ಊರೆಲ್ಲ ಸಮಾಧಾನ ಹೇಳಿತು. ಎರಡನೇದು 11ನೇ ವಾರಕ್ಕೆ ಹೋಯಿತು. ಆಗ ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದೂವರೆ ವರ್ಷ ತಿಂಗಳು ತಪ್ಪಲೇ ಇಲ್ಲ.

ಮೈಸೂರಿನ ಡಾಕ್ಟ್ರು ಬರೆದುಕೊಟ್ಟ ರಕ್ತ ಪರೀಕ್ಷೆಗಳಲ್ಲಿ ಎರಡು ವಿಷಯ ಸಿಕ್ಕಿತು. ಒಂದು, ಥೈರಾಯ್ಡ್ ಮೇಲೆ ನನ್ನ ಮೈಯೇ ತಿರುಗಿಬಿದ್ದಿತ್ತು. ಥೈರಾಯ್ಡ್ ಮೇಲೆ ಬೀಳೋ ಆ್ಯಂಟಿಬಾಡಿ, ಆ್ಯಂಟಿ ಟಿಪಿಒ, 640 ಇತ್ತು. ಥೈರಾಯ್ಡ್ ಮಾತ್ರೆ ತಿನ್ನುತ್ತಿದ್ದರೂ, ಥೈರಾಯ್ಡ್ ಕಮ್ಮಿಯಾದಾಗ ಏರುವ ಟಿಎಸ್‌ಎಚ್ 4.8. ಇನ್ನೊಂದು, ಆ್ಯಂಟಿ ಕಾರ್ಡಿಯೋಲಿಪಿನ್ ಅನ್ನೋ ಬೇರೊಂದು ಆ್ಯಂಟಿಬಾಡಿ ಪಾಸಿಟಿವ್. ಇದಿದ್ದರೆ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಮಾಸು ಸರಿಯಾಗಿ ಬೇರೂರೋದಕ್ಕೂ ಬಿಡುವುದಿಲ್ಲ. "ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚೋ ಹಾಗೆ" ಅಂದರು ಡಾಕ್ಟ್ರು. ಅತ್ತೆಗೆ ಬಂದು ಹೇಳಿದೆ. "ಹಂಗಾರೆ ನಾಯ್ಗೆ ಹಾಕೋ ಅನ್ನ ಕಮ್ಮಿ ಮಾಡವ್ವ" ಅಂದರು. ತಮಾಷೆಗೆ ಅಂದದ್ದು. ನಾನು ಮಾಡಿದ್ದೂ ಅದನ್ನೇ.

ಕಾರ್ಡಿಯೋಲಿಪಿನ್ ಪರೀಕ್ಷೆಯನ್ನು ಒಂದೇ ಸಲಕ್ಕೆ ನಂಬುವ ಹಾಗಿಲ್ಲ. ಯಾವುದೋ ಸೋಂಕು ಬಂದು ಹೋದಾಗಲೂ ಸ್ವಲ್ಪ ದಿನ ಏರಿರುತ್ತದೆ. 12 ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. ಆ 12 ವಾರ ಸುಮ್ನೆ ಕೂರೋಕೆ ನನ್ನಿಂದ ಆಗಲಿಲ್ಲ. ರಾತ್ರಿಯೆಲ್ಲ ಫೋನ್ ನೋಡಿದೆ. ಹೀಗೆ ಮೈಯೇ ತಿರುಗಿಬೀಳೋ ಕಾಯಿಲೆಗಳಿಗೆ ಅಂತ ಮಾಡಿದ, ಆಟೋಇಮ್ಯೂನ್ ಪ್ರೋಟೋಕಾಲ್ ಅನ್ನೋ ಒಂದು ಪಥ್ಯದ ಪಟ್ಟಿ ಸಿಕ್ಕಿತು. ಉರಿಯೂತ ಹೆಚ್ಚಿಸುತ್ತವೆ ಅಂತ ಅದರಲ್ಲಿ ಬಿಡಿಸಿದ್ದು ಧಾನ್ಯ, ಕಾಳು, ಬೇಳೆ, ಹಾಲು, ಮೊಟ್ಟೆ, ಎಳ್ಳು, ಕಡ್ಲೆಕಾಯಿ, ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ಕಾಫಿ. ಮಂಡ್ಯದ ಅಡುಗೆಮನೆಯಲ್ಲಿ ಇವನ್ನೆಲ್ಲ ತೆಗೆದರೆ ಉಳಿಯೋದು ಉಪ್ಪು, ಒಲೆ ಅಷ್ಟೇ. ಆದರೂ 19 ದಿನ ನಡೆಸಿದೆ. ಗೆಣಸು, ಸೊಪ್ಪು, ಕೋಳಿ. 20ನೇ ದಿನ ಎಂಟನೇ ಕ್ಲಾಸಿಗೆ ಪಾಠ ಮಾಡ್ತಾ ಬೋರ್ಡ್ ಹಿಡಿದುಕೊಂಡು ಕುಸಿದೆ. ಮಕ್ಕಳು ಗ್ಲೂಕೋಸ್ ಬಿಸ್ಕತ್ತು ತಂದುಕೊಟ್ಟರು. ಮೈದಾ, ಸಕ್ಕರೆ ಎರಡೂ ಇದ್ದ ಆ ಬಿಸ್ಕತ್ತು ಎಷ್ಟು ರುಚಿಯಿತ್ತು ಅಂತೀರಿ!

ಆಮೇಲೆ ಪೂರ್ತಿ ಪಟ್ಟಿ ಬಿಟ್ಟು ಗೋಧಿಯೊಂದನ್ನೇ ಬಿಟ್ಟೆ. ಇದು ಇನ್ನೂ ದೊಡ್ಡ ತಪ್ಪು. ಮುಂದಿನ ಸಲ ಹೋದಾಗ ಡಾಕ್ಟ್ರಿಗೆ ಸಿಟ್ಟು ಬಂತು. ಗೋಧಿಯಲ್ಲಿರುವ ಗ್ಲೂಟನ್ ಆಗದ ಸೀಲಿಯಾಕ್ ಅನ್ನೋ ಕಾಯಿಲೆ ಇದೆ. ಥೈರಾಯ್ಡ್ ಆ್ಯಂಟಿಬಾಡಿ ಇರುವವರಲ್ಲಿ ಅದು ಸ್ವಲ್ಪ ಜಾಸ್ತಿ. ಗರ್ಭ ನಿಲ್ಲದೇ ಇರೋದಕ್ಕೂ ಅದೊಂದು ಕಾರಣ ಆಗಬಹುದು. ಆದರೆ ಅದರ ರಕ್ತ ಪರೀಕ್ಷೆ ಸರಿಯಾಗಿ ಬರಬೇಕಾದರೆ ಗೋಧಿ ತಿನ್ನುತ್ತಲೇ ಇರಬೇಕು. ಬಿಟ್ಟವಳನ್ನು ಪರೀಕ್ಷೆ ಮಾಡಿ ಏನು ಪ್ರಯೋಜನ? 6 ವಾರ ದಿನಾ ಚಪಾತಿ ತಿಂದು ಹೋಗಿ ರಕ್ತ ಕೊಟ್ಟೆ. ಏನೂ ಇಲ್ಲ ಅಂತ ಬಂತು. ಚಪಾತಿ ಮನೆಯಲ್ಲೇ ಉಳಿಯಿತು. ಗೋಧಿ ಬಿಡಬೇಕು ಅಂತ ಯೋಚಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ.

ಅಷ್ಟರಲ್ಲಿ ಎರಡನೇ ಕಾರ್ಡಿಯೋಲಿಪಿನ್ ಕೂಡ ಪಾಸಿಟಿವ್ ಬಂದಿತ್ತು. ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್ 75 ಮಿಲಿಗ್ರಾಂ ಶುರುವಾಯಿತು. ಗರ್ಭ ನಿಂತ ತಕ್ಷಣ ಅದಕ್ಕೇ ಹೆಪಾರಿನ್ ಇಂಜೆಕ್ಷನ್ ಕೂಡ ಅಂತ ತೀರ್ಮಾನವಾಯಿತು. ಊಟದ ವಿಷಯಕ್ಕೆ ಡಾಕ್ಟ್ರು ಹೇಳಿದ್ದು ಇಷ್ಟೇ: "ನಿಮ್ಮ ಮನೆ ಊಟ ಮಾಡಿ. ಅದರಲ್ಲಿ ಹೊರಗಿನಿಂದ ಬಂದು ಸೇರಿಕೊಂಡಿರೋದನ್ನ ತೆಗೀರಿ."

ಮೊದಲು ಸರಿ ಮಾಡಿದ್ದು ಏನು ತಿನ್ನುತ್ತೇನೆ ಅನ್ನೋದನ್ನಲ್ಲ, ಯಾವಾಗ ತಿನ್ನುತ್ತೇನೆ ಅನ್ನೋದನ್ನು. ನಾಲ್ಕು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗಿದ ಹಿಂದೆಯೇ ಕಾಫಿ ಕುಡಿಯುತ್ತಿದ್ದೆ. ಕಾಫಿ ಆ ಮಾತ್ರೆಯನ್ನು ಸರಿಯಾಗಿ ಮೈಗೆ ಹತ್ತೋದಕ್ಕೆ ಬಿಡುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯೂ ಹಾಗೇ. ಅವಕ್ಕೆ 4 ಗಂಟೆ ಅಂತರ ಇರಬೇಕು. ಈಗ 5:30ಕ್ಕೆ ಬರೀ ನೀರಲ್ಲಿ ಮಾತ್ರೆ, 6:30ಕ್ಕೆ ಕಾಫಿ, ಕಬ್ಬಿಣದ್ದು ಮಧ್ಯಾಹ್ನ. ಎರಡು ತಿಂಗಳಲ್ಲಿ ಟಿಎಸ್‌ಎಚ್ 2.1ಕ್ಕೆ ಇಳಿಯಿತು. ಮಾತ್ರೆಯ ಪವರ್ ಬದಲಾಯಿಸಿರಲಿಲ್ಲ. ನನ್ನ ಇಡೀ ಪ್ರಯತ್ನದಲ್ಲಿ ಇಷ್ಟು ಅಗ್ಗದ, ಇಷ್ಟು ಖಚಿತವಾದ ಬದಲಾವಣೆ ಇನ್ನೊಂದಿಲ್ಲ.

ಆಮೇಲೆ ಬೆಲ್ಲ. ಒಂದು ದಿನ ಸುಮ್ನೆ ಚಮಚದ ಲೆಕ್ಕ ಇಟ್ಟೆ. 5 ಲೋಟ ಕಾಫಿ, ಒಟ್ಟು 12 ಚಮಚ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 6 ಚಮಚದ ಒಳಗೆ, ಅಂದರೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೇದು. ಅದರಲ್ಲಿ ಬೆಲ್ಲಕ್ಕೆ ರಿಯಾಯಿತಿ ಇಲ್ಲ. ಮಂಡ್ಯದಲ್ಲಿ ಕೂತು ಬೆಲ್ಲವೂ ಸಕ್ಕರೆಯೇ ಅನ್ನೋದು ಕಷ್ಟ, ಆದರೆ ಅದೇ ನಿಜ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆ. ಆಲೆಮನೆ ಶುರುವಾದ ತಿಂಗಳು ಮಾತ್ರ ಸೋತೆ. ಬಿಸಿ ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಹಾಕಿ ಕೈಗೆ ಕೊಟ್ಟರೆ ಯಾರು ತಾನೇ ಬೇಡ ಅಂತಾರೆ?

ಮುದ್ದೆ ಬಿಡಲಿಲ್ಲ. ಇದೇ ಮಂಡ್ಯದ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿ, ನಮ್ಮ ತಳಿ ಸೇರಿಸಿ ಇಂಡಾಫ್ ರಾಗಿ ಮಾಡಿದ್ದು. ಅಂಥ ಊರಲ್ಲಿ ರಾಗಿ ಬಿಟ್ಟು ಯಾವ ದೇಶದ್ದೋ ಕಿನ್ವಾ ತಿನ್ನೋದಾ? ಮುದ್ದೆಯ ಗಾತ್ರ ಚಿಕ್ಕದು ಮಾಡಿ, ಬಸ್ಸಾರಿನ ಪಲ್ಯ ಎರಡರಷ್ಟು ಮಾಡಿದೆ. ದಂಟು, ಕಿರಕೀರೆ, ನುಗ್ಗೆ, ಹೊನಗೊನೆ, ದಿನಕ್ಕೊಂದು ಸೊಪ್ಪು. ಬಿಳಿ ಅನ್ನ ಒಂದೇ ಹೊತ್ತು. ಬೋಂಡಾ, ಕರಿದ ಎಣ್ಣೆಯಲ್ಲೇ ಮತ್ತೆ ಕರಿದದ್ದು, ಬೇಕರಿ ಪಫ್ಸ್ ಬಂದ್. ಮದ್ದೂರು ವಡೆ ರೈಲಿನಲ್ಲಿ ಹೋದಾಗ ಮಾತ್ರ, ಅದೂ ಒಂದೇ. ಗೆಡ್ಡೆಕೋಸು ಥೈರಾಯ್ಡಿಗೆ ಆಗಲ್ಲ ಅಂತ ಹೆದರಿಸಿದ್ದರು. ಬೇಯಿಸಿ ಹಿತವಾಗಿ ತಿಂದರೆ ತೊಂದರೆಯಿಲ್ಲ.

ಅತ್ತೆಗೂ ನನಗೂ ಜಟಾಪಟಿ ಆಗಿದ್ದು ಉಷ್ಣದ ಮೇಲೆ. "ಹುಳ್ಳಿ ಉಷ್ಣ, ಎಳ್ಳು ಉಷ್ಣ, ಅಗಸೆ ಅಂತೂ ಬೆಂಕಿ ಕಣವ್ವ, ಗರ್ಭ ಎಂಗೆ ನಿಂತದು?" ಅಂತ ಅವರು. ಎರಡು ಸಲ ಕಳೆದುಕೊಂಡಿದ್ದು ನಾನೊಬ್ಬಳೇ ಅಲ್ಲ, ಅವರೂ. ಹಾಗಾಗಿ ವಾದ ಮಾಡದೆ ಒಪ್ಪಂದಕ್ಕೆ ಬಂದೆವು. ಹುರುಳಿ ಬಿಟ್ಟು ಅಲಸಂದೆ, ಅವರೆ, ಹೆಸರುಕಾಳು. ಅಗಸೆ ಮಾತ್ರ ಇರಲಿ, ದಿನಕ್ಕೆ ಒಂದು ಚಮಚ. ಅದನ್ನು ಚಟಪಟ ಅನ್ನೋವರೆಗೆ ಹುರಿದು ವಾರಕ್ಕೆ ಆಗೋಷ್ಟೇ ಪುಡಿ ಮಾಡಬೇಕು. ತಿಂಗಳಿಗೆ ಆಗೋಷ್ಟು ಮಾಡಿಟ್ಟರೆ ಕಮಟು ವಾಸನೆ ಬರುತ್ತದೆ.

ಅಗಸೆಯಲ್ಲಿರೋ ಓಮೆಗಾ-3 ನಮ್ಮ ಮೈಯಲ್ಲಿ ಬೇಕಾದ ರೂಪಕ್ಕೆ ತಿರುಗೋದು ಬಹಳ ಕಮ್ಮಿ. ನೇರವಾಗಿ ಸಿಗೋದು ಸಮುದ್ರದ ಮೀನಲ್ಲಿ. ನಮ್ಮ ಕಡೆ ಕೆರೆ ಮೀನೇ ಜಾಸ್ತಿ, ಅದರಲ್ಲಿ ಇದು ಕಡಿಮೆ. ಅದಕ್ಕೆ ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆಯನ್ನು ನಮ್ಮವರು ಮೈಸೂರಿಗೆ ಹೋದಾಗಲೆಲ್ಲ ತರುತ್ತಿದ್ದರು. ಸೋಮವಾರ, ಶನಿವಾರ ಬಿಟ್ಟು ವಾರಕ್ಕೆ ಎರಡು ದಿನ. ಕರಿಯುತ್ತಿರಲಿಲ್ಲ, ಸಾರು ಮಾಡುತ್ತಿದ್ದೆ. ಬೂತಾಯಿ ಸಣ್ಣ ಮೀನು, ಪಾದರಸದ ಭಯ ಕಮ್ಮಿ, ಬೆಲೆಯೂ ಕಮ್ಮಿ.

ಉರಿಯೂತ ಇಳಿಯಲಿ ಅಂತ ಅರಿಶಿನದ ಕ್ಯಾಪ್ಸೂಲಿಗೆ 2,400 ರೂಪಾಯಿ ಸುರಿದಿದ್ದೆ. ಅರಿಶಿನದ ಸಾರ ಮೈಗೆ ಹತ್ತೋದೇ ಕಷ್ಟ. ಕಾಳುಮೆಣಸಿನ ಸತ್ವ ಜೊತೆಗಿದ್ದರೆ 20 ಪಟ್ಟು ಹತ್ತುತ್ತದೆ ಅಂತ 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಆದರೆ ಆಸ್ಪಿರಿನ್, ಹೆಪಾರಿನ್ ಜೊತೆ ಅಷ್ಟು ಡೋಸಿನ ಕ್ಯಾಪ್ಸೂಲ್ ಸೇರಿದರೆ ರಕ್ತಸ್ರಾವದ ಅಪಾಯ. ಡಾಕ್ಟ್ರು ಡಬ್ಬಿಯನ್ನು ಮೇಜಿನ ಮೇಲೇ ಇಟ್ಟುಕೊಂಡರು. ಈಗ ಅರಿಶಿನ ಸಾರಿಗೆ ಎಷ್ಟು ಹಾಕುತ್ತೇವೋ ಅಷ್ಟೇ.

ಇದೆಲ್ಲ ಮಾಡಿ 7 ತಿಂಗಳಿಗೆ ತೂಕ 71ರಿಂದ 65 ಕಿಲೋಗೆ ಬಂತು. ಉರಿಯೂತ ತೋರಿಸುವ ಎಚ್‌ಎಸ್ ಸಿಆರ್‌ಪಿ 6.1ರಿಂದ 2.4ಕ್ಕೆ ಇಳಿಯಿತು. ಆ್ಯಂಟಿ ಟಿಪಿಒ? 590. ಅಂದರೆ ಇದ್ದಲ್ಲೇ ಇತ್ತು. ನನಗೆ ಅಳು ಬಂತು. ಆಮೇಲೆ ಓದಿದೆ. 2019ರಲ್ಲಿ ನನ್ನ ಥರದ ಥೈರಾಯ್ಡ್ ಇದ್ದ 17 ಹೆಂಗಸರಿಗೆ ಅದೇ ಕಟ್ಟುನಿಟ್ಟಿನ ಪಟ್ಟಿ 10 ವಾರ ಮಾಡಿಸಿದ್ದರಂತೆ. ಅವರಿಗೆ ಸುಸ್ತು ಕಮ್ಮಿಯಾಗಿತ್ತು, ಸಿಆರ್‌ಪಿ ಇಳಿದಿತ್ತು, ಆ್ಯಂಟಿಬಾಡಿ ಇಳಿದಿರಲಿಲ್ಲ. ಬೋರ್ಡ್ ಹಿಡಿದು ಕುಸಿಯದೇ ನಾನೂ ಅಲ್ಲಿಗೇ ತಲುಪಿದ್ದೆ. ಸೊಪ್ಪು, ಕಾಳು, ಮೀನು ಹೆಚ್ಚಿರುವ ಮೆಡಿಟರೇನಿಯನ್ ಊಟದ ಮೇಲೂ ಓದಿದೆ. ಗ್ರೀಸ್‌ನಲ್ಲಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿಕೊಂಡ 244 ಹೆಂಗಸರನ್ನು ನೋಡಿ 2018ರಲ್ಲಿ ಬರೆದದ್ದರಲ್ಲಿ, ಹಾಗೆ ಉಣ್ಣುತ್ತಿದ್ದ 35ರ ಒಳಗಿನವರಿಗೆ ಮಗು ಆಗಿದ್ದು ಜಾಸ್ತಿ. ಇಟಲಿಯಲ್ಲಿ ಅದೇ ಥರ ನೋಡಿದವರಿಗೆ ಅಂಥ ಸಂಬಂಧ ಕಾಣಲಿಲ್ಲ. ಊಟವನ್ನು ನಂಬಿ ಇಂಜೆಕ್ಷನ್ ಬಿಡೋಷ್ಟು ಗಟ್ಟಿ ಮಾತು ನನಗೆ ಎಲ್ಲೂ ಸಿಗಲಿಲ್ಲ.

9ನೇ ತಿಂಗಳಿಗೆ ಗರ್ಭ ನಿಂತಿತು. ಅವತ್ತಿನಿಂದ ದಿನಾ ಹೊಟ್ಟೆಗೆ ಹೆಪಾರಿನ್. ಮೊದಲ ವಾರ ನಮ್ಮವರು ಚುಚ್ಚುತ್ತಿದ್ದರು, ಕೈ ನಡುಗುತ್ತಿತ್ತು. ಆಮೇಲೆ ನಾನೇ ಚುಚ್ಚಿಕೊಂಡೆ. ಥೈರಾಯ್ಡ್ ಮಾತ್ರೆಯ ಪವರ್ ಏರಿಸಿದರು. 11ನೇ ವಾರ ದಾಟಿದ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೆರಿಗೆ ಆದ ಮೇಲೂ 6 ವಾರ ಇಂಜೆಕ್ಷನ್ ನಡೆಯಿತು. ನನಗೆ ಮಗು ಕೊಟ್ಟಿದ್ದು ಊಟವೋ, ಸೂಜಿಯೋ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಸೂಜಿ ಅನ್ನುತ್ತೇನೆ. ಅದನ್ನು ತಡೆದುಕೊಳ್ಳೋ ಮೈ ಕೊಟ್ಟಿದ್ದು ಬಸ್ಸಾರು.

ಮಗಳಿಗೆ ಈಗ 9 ತಿಂಗಳು, ರಾಗಿ ಸರಿ ತಿನ್ನುತ್ತಾಳೆ. ವರ್ಷ ತುಂಬೋವರೆಗೆ ಬೆಲ್ಲ ಹಾಕಬೇಡಿ ಅಂತ ಅತ್ತೆಗೆ ಹೇಳಿದ್ದೇನೆ. "ಹಾಕಕಿಲ್ಲ ಕಣವ್ವ" ಅಂತಾರೆ. ಸ್ಕೂಲಿನಿಂದ ಬಂದು ಸರಿ ಬಟ್ಟಲಿಗೆ ಬೆರಳು ಹಾಕಿ ನೆಕ್ಕಿ ನೋಡುತ್ತೇನೆ. ಇಲ್ಲಿವರೆಗೆ ಎರಡು ಸಲ ಸಿಹಿಯಿತ್ತು.