ಹೊಸ ಕಾರಿನ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇರುತ್ತದೆ?

ಕಾರು ಬುಕ್ ಮಾಡುವಾಗ ಬಣ್ಣ, ಸೀಟ್ ಕವರ್, ವಿಮೆ, ಮ್ಯಾಟ್ ಎಲ್ಲದರ ಬಗ್ಗೆಯೂ ಹತ್ತು ಸಲ ವಿಚಾರಿಸುತ್ತೇವೆ. ಟ್ಯಾಂಕಿಗೆ ಎಷ್ಟು ಹಾಕಿ ಕೊಡುತ್ತೀರಿ ಎಂದು ಕೇಳುವವರು ಕಡಿಮೆ. ಡೆಲಿವರಿ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮನೆಮಂದಿಯೆಲ್ಲ ಕೂತು ಗೇಟು ದಾಟಿದ ಮೇಲೆ ಮೀಟರಿನಲ್ಲಿ ಹಳದಿ ದೀಪ ಕಣ್ಣಿಗೆ ಬೀಳುತ್ತದೆ.

ಸಾಮಾನ್ಯವಾಗಿ ಇರುವುದು ಎರಡರಿಂದ ಐದು ಲೀಟರ್, ಅಂದರೆ ಹತ್ತಿರದ ಬಂಕ್ ತಲುಪುವಷ್ಟು. ಎಕ್ಸ್ ಶೋರೂಂ ಬೆಲೆಯಲ್ಲಿ ತುಂಬಿದ ಟ್ಯಾಂಕ್ ಸೇರಿರುವುದಿಲ್ಲ. ಕೆಲವು ಶೋರೂಂಗಳು ಫುಲ್ ಟ್ಯಾಂಕ್ ಮಾಡಿಸಿ ಕೊಡುವುದುಂಟು. ಅದು ಉಡುಗೊರೆಯ ಲೆಕ್ಕ, ನಮ್ಮ ಹಕ್ಕಲ್ಲ.

ಇಷ್ಟು ಕಡಿಮೆ ಏಕೆ? ಕಾರ್ಖಾನೆಯಲ್ಲಿ ಕಾರು ಸಿದ್ಧವಾದಾಗ ಪರೀಕ್ಷೆಗೆ ಓಡಿಸಲು, ಲಾರಿ ಅಥವಾ ರೈಲಿಗೆ ಹತ್ತಿಸಿ ಇಳಿಸಲು ಬೇಕಾದಷ್ಟನ್ನೇ ಹಾಕುತ್ತಾರೆ. ಹತ್ತಾರು ಕಾರುಗಳನ್ನು ಒಟ್ಟಿಗೆ ಸಾಗಿಸುವಾಗ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೆ ಬೆಂಕಿಯ ಅಪಾಯ ಹೆಚ್ಚು. ಆ ಸ್ವಲ್ಪವೂ ಮಾರಾಟಕ್ಕೆ ಮುಂಚೆ ಕಾರುಗಳನ್ನು ನಿಲ್ಲಿಸಿಡುವ ಯಾರ್ಡಿನಲ್ಲಿ ಅತ್ತಿತ್ತ ಸರಿಸುವಾಗ, ಅಲ್ಲಿಂದ ಶೋರೂಂಗೆ ತರುವಾಗ ಕರಗುತ್ತದೆ.

ಬುಕಿಂಗ್ ದಿನವೇ ಮಾತಾಡಿ

ರಿಯಾಯಿತಿ, ಆಕ್ಸೆಸರಿ ಚೌಕಾಸಿ ನಡೆಯುವಾಗಲೇ ‘ಇಂಧನ ಎಷ್ಟು ಲೀಟರ್?’ ಎಂದು ಕೇಳಿ. ಐದು ಲೀಟರ್ ಎಂದರೆ ಐದು, ಫುಲ್ ಟ್ಯಾಂಕ್ ಎಂದರೆ ಫುಲ್ ಟ್ಯಾಂಕ್ ಎಂದು ಬುಕಿಂಗ್ ಫಾರಂ ಮೇಲೆ ಬರೆಸಿಕೊಳ್ಳಿ. ‘ನೋಡ್ಕೊಳ್ಳೋಣ ಬಿಡಿ ಸಾರ್’ ಎಂಬ ಮಾತು ಡೆಲಿವರಿ ದಿನ ಯಾರಿಗೂ ನೆನಪಿರುವುದಿಲ್ಲ. ಯುಗಾದಿ, ಆಯುಧಪೂಜೆಯಂಥ ದಿನಗಳಲ್ಲಂತೂ ಸಾಲುಸಾಲು ಡೆಲಿವರಿ; ರಾಹುಕಾಲಕ್ಕೆ ಮುಂಚೆ ಹೊರಡುವ ಗಡಿಬಿಡಿಯಲ್ಲಿ ವಾದಕ್ಕೆ ಪುರಸೊತ್ತೂ ಇರುವುದಿಲ್ಲ.

ಕೀ ಪಡೆಯುವ ಮೊದಲು ನೋಡಿ

ಚಾಲಕನ ಸೀಟಿನಲ್ಲಿ ಕೂತು ಇಗ್ನಿಷನ್ ಆನ್ ಮಾಡಿ, ಮೀಟರ್ ನಿಲ್ಲಲು ಕೆಲವು ಕ್ಷಣ ಬಿಡಿ. ಒಂದೇ ಗೀಟು ಉರಿಯುತ್ತಿದ್ದರೆ ಅಥವಾ ಬಂಕಿನ ಚಿಹ್ನೆ ಹಳದಿಯಾಗಿದ್ದರೆ ಮೊದಲ ಕೆಲಸ ಬಂಕಿಗೆ ಹೋಗುವುದು. ‘ಇಷ್ಟು ಕಿ.ಮೀ. ಓಡುತ್ತದೆ’ ಎಂದು ತೋರಿಸುವ ಅಂಕಿಯನ್ನು ಈ ದಿನ ನಂಬಬೇಡಿ. ಅದು ಹಿಂದೆ ಓಡಿದ ರೀತಿಯ ಮೇಲೆ ಕಟ್ಟಿದ ಅಂದಾಜು, ನಿಮ್ಮ ಕಾರು ಈವರೆಗೆ ಓಡಿದ್ದು ಯಾರ್ಡಿನೊಳಗೆ.

ಅದೇ ಮೀಟರಿನಲ್ಲಿ ಬಂಕಿನ ಚಿತ್ರದ ಪಕ್ಕ ಪುಟ್ಟ ಬಾಣದ ಗುರುತೊಂದಿರುತ್ತದೆ. ಬಾಣ ಯಾವ ಕಡೆಗೋ ಟ್ಯಾಂಕಿನ ಮುಚ್ಚಳ ಆ ಕಡೆ. ಮುಚ್ಚಳ ತೆಗೆಯುವ ಬಗೆಯನ್ನು ಅಲ್ಲೇ ಒಮ್ಮೆ ಮಾಡಿ ನೋಡಿ; ಕೆಲವದರಲ್ಲಿ ಸೀಟಿನ ಬಳಿ ಲಿವರ್, ಕೆಲವದರಲ್ಲಿ ಒತ್ತಿದರೆ ತೆರೆಯುವಂಥದ್ದು. ಯಾವ ಇಂಧನ ಹಾಕಬೇಕೆಂದು ಹೇಳುವ ಒಳಗಿನ ಸ್ಟಿಕ್ಕರನ್ನೂ ಓದಿ. ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದದ್ದು. ಈಗಿನ ಹೊಸ ಪೆಟ್ರೋಲ್ ಕಾರುಗಳು ಅದಕ್ಕೆ ಹೊಂದುವಂತೆಯೇ ಬರುತ್ತವೆ.

ಡೀಸೆಲ್ ಕಾರಾದರೆ ಇನ್ನೊಂದು ಪ್ರಶ್ನೆ: ಡೆಫ್, ಅಂದರೆ ಹೊಗೆಯ ಮಾಲಿನ್ಯ ತಗ್ಗಿಸುವ ದ್ರವದ ಟ್ಯಾಂಕ್ ಇದೆಯೇ, ಅದರಲ್ಲಿ ಎಷ್ಟಿದೆ? ಬಿಎಸ್6 ಮಾಲಿನ್ಯ ಮಾನದಂಡದ ಹಲವು ಡೀಸೆಲ್ ಗಾಡಿಗಳಲ್ಲಿ ನೀಲಿ ಮುಚ್ಚಳದ ಈ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಇದು ಖಾಲಿಯಾದರೆ ಡೀಸೆಲ್ ತುಂಬಿದ್ದರೂ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಡೆಫ್ ದ್ರವವನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ದೊಡ್ಡ ಖರ್ಚು.

ಮೊದಲ ಬಂಕ್ ಯಾವುದೆಂದು ಮೊದಲೇ ಗೊತ್ತಿರಲಿ

ಮನೆಯ ದಾರಿಯಲ್ಲಿ, ನಿಮ್ಮ ಎಡಗಡೆಗೇ ಸಿಗುವ ಬಂಕ್ ಆರಿಸಿಕೊಳ್ಳಿ. ಬೆಂಗಳೂರಿನಲ್ಲಿ ಕಾರು ತೆಗೆದುಕೊಂಡು ನೇರವಾಗಿ ಊರಿಗೆ ಹೊರಡುವವರು ಇದನ್ನು ಮರೆಯಲೇಬಾರದು. ಮೈಸೂರು ಕಡೆಯ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಸರ್ವಿಸ್ ರಸ್ತೆಯ ಬಂಕ್ ಕಣ್ಣೆದುರಿಗೇ ಕಂಡರೂ ಎಕ್ಸಿಟ್ ಬರುವವರೆಗೆ ಇಳಿಯಲು ಆಗುವುದಿಲ್ಲ. ‘ಇನ್ನೊಂದಿಷ್ಟು ದೂರ ಹೋಗೋಣ’ ಎಂದು ಎಳೆಯುವುದು ಹೊಸ ಗಾಡಿಗೆ ಒಳ್ಳೆಯದಲ್ಲ. ಇಂಧನ ಪಂಪ್ ಟ್ಯಾಂಕಿನೊಳಗೇ ಇದ್ದು, ಸುತ್ತಲಿನ ಪೆಟ್ರೋಲ್‌ನಿಂದಲೇ ತಣ್ಣಗಾಗುತ್ತದೆ. ಟ್ಯಾಂಕ್ ಒಣಗಿದರೆ ಪಂಪ್ ಬಿಸಿಯಾಗಿ ಸವೆಯುತ್ತದೆ. ಡೀಸೆಲ್ ಪೂರ್ತಿ ಮುಗಿದರೆ ಪೈಪಿನಲ್ಲಿ ಗಾಳಿ ಸೇರಿ, ಅದನ್ನು ಹೊರಹಾಕಲು ಮೆಕ್ಯಾನಿಕ್ ಬೇಕಾಗಬಹುದು. ಅಕಸ್ಮಾತ್ ನಿಂತೇಬಿಟ್ಟರೆ ಕಾರಿನ ಜೊತೆ ಕೊಟ್ಟ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರಿಗೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ.

ಬಂಕಿನಲ್ಲಿ

ಕಾರಿನಿಂದ ಇಳಿಯಿರಿ. ಹುಡುಗನಿಗೆ ‘ಪೆಟ್ರೋಲ್’ ಅಥವಾ ‘ಡೀಸೆಲ್’ ಎಂದು ಬಾಯಿಬಿಟ್ಟು ಹೇಳಿ. ಒಂದೇ ಮಾಡೆಲ್ ಎರಡರಲ್ಲೂ ಬರುವಾಗ ಹೊರಗಿನಿಂದ ಗೊತ್ತಾಗುವುದಿಲ್ಲ, ಡೀಸೆಲ್ ಕಾರಿಗೆ ಪೆಟ್ರೋಲ್ ಬೀಳುವ ಎಡವಟ್ಟು ಆಗುತ್ತಲೇ ಇರುತ್ತದೆ. ಹಾಗೇನಾದರೂ ಆದರೆ ಇಗ್ನಿಷನ್ ಆನ್ ಮಾಡಲೇಬೇಡಿ. ಗಾಡಿ ತಳ್ಳಿ ಪಕ್ಕಕ್ಕಿಟ್ಟು, ಟ್ಯಾಂಕ್ ಖಾಲಿ ಮಾಡಿಸಿ.

ಮೀಟರಿನಲ್ಲಿ ಸೊನ್ನೆ ನೋಡಿಯೇ ಹಾಕಿಸಿ. ಅಳತೆಯ ಬಗ್ಗೆ ಅನುಮಾನ ಬಂದರೆ ಐದು ಲೀಟರಿನ ಮಾಪನದಲ್ಲಿ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ, ಕೇಳಲು ಸಂಕೋಚ ಬೇಡ. ಆದರೆ ಒಂದು ವಿಷಯ ಗೊತ್ತಿರಲಿ. ಸ್ವಿಫ್ಟ್ ಕಾರಿನ ಟ್ಯಾಂಕ್ 37 ಲೀಟರ್ ಎಂದು ಪುಸ್ತಕದಲ್ಲಿದೆ. ಬಿಲ್ಲಿನಲ್ಲಿ ಅದಕ್ಕಿಂತ ಒಂದೆರಡು ಲೀಟರ್ ಜಾಸ್ತಿ ಬಂದ ಮಾತ್ರಕ್ಕೆ ಮೋಸ ಎಂದುಕೊಳ್ಳುವ ಹಾಗಿಲ್ಲ. ಇಂಧನ ಹಿಗ್ಗಲೆಂದು ಟ್ಯಾಂಕಿನಲ್ಲಿ ಬಿಟ್ಟ ಜಾಗ ಮತ್ತು ತುಂಬುವ ಕೊಳವೆ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ನಾಝಲ್ ಮೊದಲ ಸಲ ‘ಟಕ್’ ಎಂದ ಕೂಡಲೇ ನಿಲ್ಲಿಸಿಬಿಡಿ. ‘ರೌಂಡ್ ಫಿಗರ್ ಮಾಡ್ಲಾ ಸಾರ್?’ ಎಂದರೆ ಬೇಡ ಎನ್ನಿ. ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುತ್ತದೆ.

ಅಲ್ಲೇ ಗಾಳಿಯನ್ನೂ ನೋಡಿಸಿ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಲ್ಲುವ ಕಾರುಗಳ ಟೈರಿಗೆ ಹೆಚ್ಚು ಗಾಳಿ ತುಂಬಿಟ್ಟಿರುವುದುಂಟು. ಸರಿಯಾದ ಅಳತೆ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುತ್ತದೆ.

ಟ್ಯಾಂಕ್ ತುಂಬಿದ ಕೂಡಲೇ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಬಿಲ್ ಜೋಪಾನ ಮಾಡಿ. ಮುಂದಿನ ಸಲವೂ ಮೊದಲ ‘ಟಕ್’ಗೇ ನಿಲ್ಲಿಸಿ, ಓಡಿದ ಕಿ.ಮೀ.ಯನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಮೊದಲ ಸಾವಿರ ಕಿ.ಮೀ.ನಲ್ಲಿ ಅಂಕಿ ಕಡಿಮೆ ಬಂದರೆ ಶೋರೂಂಗೆ ಓಡಬೇಕಿಲ್ಲ. ಎಂಜಿನ್ ಹದಕ್ಕೆ ಬರಲು ಅಷ್ಟು ಓಟ ಬೇಕು, ಅಲ್ಲಿಂದಾಚೆಗಿನ ಲೆಕ್ಕವನ್ನೇ ಹಿಡಿಯಿರಿ.